ದಾರಿಖರ್ಚು

ಲೂಮುಗಳಿಗೆ ರಜೆಯಿದ್ದ ಶುಕ್ರವಾರ ರೇವಣಸಿದ್ಧ
ಅಕ್ಕಲಕೋಟೆ ರಸ್ತೆಯ ನನ್ನ ಅಂಗಡಿಗೆ ಬಂದ,
ಕೈಯಲ್ಲಿ ಒಂದು ಗೇಣು ತಂತಿ.
"ಇಂದುಬಾಯಿ, ಇಂಥಾದ್ದು ನಾಲ್ಕು ಮೀಟರ್ ಬೇಕ್ರಿ,
ಹದಿನೆಂಟು ನಂಬರಿಂದು."
ಯಾವ ಮೋಟರಿಗೆ?
"ಮೋಟರಿಗಲ್ಲ. ರೆಕ್ಕಿಗೆ."

ಚಾದರ ನೇಯುವ ಶೆಡ್ಡಿನ ಹಿಂದೆ ಆತ
ಏಳು ವರ್ಷದಿಂದ ಮರದ ವಿಮಾನ ಕಟ್ಟುತ್ತಿರುವುದು
ಅರ್ಧ ಸೊಲ್ಲಾಪುರಕ್ಕೆ ಗೊತ್ತು.
ನಗುವವರು ನಕ್ಕು ದಣಿದಿದ್ದಾರೆ.
ನಾನು ಮೈಕ್ರೋಮೀಟರ್ ತೆಗೆದೆ.

ಆತನ ಹದಿನೆಂಟು ನನ್ನ ಹದಿನೆಂಟಲ್ಲ.
ನನ್ನದು ಬ್ರಿಟಿಷರು ಬಿಟ್ಟುಹೋದ ಗೇಜು,
ಬೋರಿನ ಮೋಟರುಗಳ ಹೊಟ್ಟೆಯೊಳಗೆ ಸುತ್ತಿ ಸುತ್ತಿ
ಹೆಬ್ಬೆರಳಿಗೆ ಬಾಯಿಪಾಠ.
ಆತನದು ಅಮೇರಿಕದ ಪುಸ್ತಕದ್ದು, ಎರಡು ಕೂದಲಷ್ಟು ಸಪೂರ.
ಈ ಊರಿಗೆ ಇದು ಹೊಸದೇನಲ್ಲ.
ಒಂದೇ ಓಣಿಗೆ ತೆಲುಗಿನವರದೊಂದು ಹೆಸರು,
ಮರಾಠಿ ಬೋರ್ಡಿನ ಮೇಲೆ ಇನ್ನೊಂದು,
ನಾವು ಮನೆಯಲ್ಲಿ ಅನ್ನುವುದು ಮತ್ತೊಂದು.
ಎಣಿಸುವ ಮೊದಲು ಕೇಳಬೇಕು, ಯಾರ ಎಣಿಕೆ ಎಂದು.

ನಂಬರು ಏರಿದಷ್ಟೂ ತಂತಿ ಸಣ್ಣ, ನೆನಪದ ಇಲ್ಲೋ? ಅಂದೆ.
ನಕ್ಕುಬಿಟ್ಟ. ಅರವತ್ತರ ನೂಲು, ಇಪ್ಪತ್ತರ ನೂಲು
ಕಣ್ಣು ಮುಚ್ಚಿ ಬೇರೆ ಮಾಡುವವನಿಗೆ
ನಾನು ಹೇಳಹೊರಟದ್ದು!

ದೀಪ ಹಳೆ ಜೀಪಿನದು. ನೂರು ವ್ಯಾಟು,
ಅಂದರೆ ಎಂಟು ಆಂಪಿಯರು ಮತ್ತು ಒಂದು ಚೂರು.
ಸ್ವಿಚ್ಚಿನಿಂದ ರೆಕ್ಕೆಯ ತುದಿಗೆ ನಾಲ್ಕು ಮೀಟರು.
"ಮತ್ತೆ ಬರೂದು?"
"ಏನು ಬರೂದು?"
ಜೀಪಿಗೆ ತಗಡಿನ ಮೈ, ಕರೆಂಟು ಅದನ್ನೇ ಹಿಡಿದು
ಮನೆಗೆ ಮರಳುತ್ತದೆ, ಕೂಲಿ ಕೇಳದೆ.
ಮರಕ್ಕೆ ಅದೆಲ್ಲಿ ತಿಳಿಯಬೇಕು.
ಹೋಗಲಿಕ್ಕೆ ನಾಲ್ಕು, ಬರಲಿಕ್ಕೆ ನಾಲ್ಕು,
ಎಂಟು ಬರಿ, ರೇವಣಸಿದ್ಧ, ಎಂಟು.

ಬಿಲ್ಲು ಪುಸ್ತಕದ ಬೆನ್ನಿಗೆ ಲೆಕ್ಕ ಹಾಕಿದೆವು.
ಹದಿನೆಂಟರಲ್ಲಿ ಒಂದೂ ಕಾಲು ವೋಲ್ಟಿಗೂ ಮಿಕ್ಕು ದಾರಿಖರ್ಚು.
ಸಾಗಿಸುವವನೇ ಬುತ್ತಿ ಉಂಡಂತೆ.
ಹದಿನಾರರಲ್ಲಿ ಮುಕ್ಕಾಲು ದಾಟಿತು.
ಹದಿನಾಲ್ಕರಲ್ಲಿ ಅರ್ಧ.
"ತೂಕರೀ," ಅಂದ. ಅವನಿಗೆ ಅದೊಂದೇ ಚಿಂತೆ,
ಮೊಳೆಯನ್ನೂ ತೂಗಿ ಹೊಡೆಯುವ ಮನುಷ್ಯ.
ಎದುರಿನ ಕಿರಾಣಿ ತಕ್ಕಡಿಯಲ್ಲಿ ಇಟ್ಟು ನೋಡಿದೆವು.
ದಪ್ಪದ್ದು ಹೆಚ್ಚೆಂದರೆ ನೂರು ಗ್ರಾಂ ಭಾರ,
ಎರಡು ಹಿಡಿ ತೊಗರಿಬೇಳೆ.
"ಇಷ್ಟನ್ನ ಹೊತ್ತು ಹಾರದಿದ್ರ
ನೀನೇ ಒಂದು ಹೊತ್ತು ಊಟ ಬಿಡು."

ಆದರೆ ಮಾರಲಿಲ್ಲ.
ನನ್ನಲ್ಲಿರುವುದು ಒಂಟಿ ಕಡ್ಡಿಯ ತಾಮ್ರ, ಮೇಲೆ ವಾರ್ನಿಷು.
ಇಂಜಿನ್ನಿನ ನಡುಕಕ್ಕೆ ಅದು ಎಲ್ಲೋ ಒಳಗೇ ಮುರಿಯುತ್ತದೆ,
ಹೊರಗೆ ಸುದ್ದಿಯಿಲ್ಲದೆ.
ಕಲಾಯಿಯ ಹತ್ತೊಂಬತ್ತು ಎಳೆ ಹುರಿಗೊಳಿಸಿದ್ದು ಬೇಕು,
ಬೆಂಕಿಗೆ ಹೊಗೆಯುಗುಳದ ತೊಗಲು ಬೇಕು.
ಎಲ್ಲಿ ಸಿಗುತ್ತದೆಂದು ಚೀಟಿ ಬರೆದುಕೊಟ್ಟೆ.
ಕೆಳಗೆ ಇನ್ನೊಂದು ಸಾಲು:
ಫ್ಯೂಸು ದೀಪವನ್ನು ಕಾಯುವುದಿಲ್ಲ, ತಂತಿಯನ್ನು ಕಾಯುತ್ತದೆ.
ಬ್ಯಾಟರಿಯ ಮಗ್ಗುಲಲ್ಲೇ ಹಾಕು.

ಅಪ್ಪನ ಕಾಲದಿಂದ ಈ ಅಂಗಡಿಗೆ ಬಂದದ್ದೆಲ್ಲ ಸುಟ್ಟದ್ದೇ.
ಕಪ್ಪಾದ ಕಾಯಿಲು, ಕರಗಿದ ವಾಸನೆ,
"ನಿನ್ನೆ ತನಕ ಚೆನ್ನಾಗಿತ್ತು" ಅನ್ನುವ ಮುಖ.
ಸುಡುವ ಮೊದಲು ಕೇಳಲು ಬಂದವನು
ಇವನೊಬ್ಬ.

ಮೊನ್ನೆ ರಾತ್ರಿ ಕರೆದಿದ್ದ.
ಶೆಡ್ಡಿನಲ್ಲಿ ಇನ್ನೂ ಬಟ್ಟೆ ಹೊದಿಸದ ರೆಕ್ಕೆ,
ಪಕ್ಕೆಲುಬುಗಳ ನಡುವೆ ಜೋಡಿ ತಂತಿ, ಮೇಣದ ದಾರದ ಗಂಟು,
ಕೈಮಗ್ಗದವರು ಹಾಕುವ ಗಂಟು ಅದು.
ಸ್ವಿಚ್ಚು ಒತ್ತಿದ.
ಎದುರಿನ ಗೋಡೆ, ಗೋಡೆಗೆ ಒರಗಿದ ನೂಲಿನ ಗೋಣಿ,
ಗೋಣಿಯ ಮೇಲೆ ಮಲಗಿದ್ದ ಬೆಕ್ಕು, ಎಲ್ಲ ಬೆಳ್ಳಗೆ.
ಬ್ಯಾಟರಿಯಲ್ಲಿ ಹನ್ನೆರಡು ಪಾಯಿಂಟ್ ನಾಲ್ಕು,
ತುದಿಯಲ್ಲಿ ಹನ್ನೊಂದು ಪಾಯಿಂಟ್ ಒಂಬತ್ತು.
ಆತ ಮೀಟರು ನೋಡಿ ಕುಣಿಯುತ್ತಿದ್ದ.
ನಾನು ಹತ್ತು ನಿಮಿಷ ಕಾದು,
ತಂತಿಗೆ ಬೆರಳ ಬೆನ್ನು ತಾಗಿಸಿದೆ,
ಜ್ವರ ನೋಡುವ ಹಾಗೆ.